ರಾಗಿಯೋ, ಟೊಮೆಟೊವೋ, ರೇಷ್ಮೆಯೋ, ಮಾವೋ? ಬೇಸಾಯದ ಸುಸ್ಥಿರತೆ ಅಳೆಯಲು ಯಾವ ವಿಧಾನ ಹಿಡಿಯಬೇಕು

ಕೋಲಾರದ ಕಡೆ ನಾಲ್ಕು ಎಕರೆ ಹೊಲ, ಒಂದು ಬೋರ್‌ವೆಲ್ ಇದೆ ಎಂದುಕೊಳ್ಳಿ. ರಾಗಿ ಹಾಕಿದರೆ ಮನೆಗೆ ಮುದ್ದೆ, ದನಕ್ಕೆ ಹುಲ್ಲು ಆಗುತ್ತದೆ, ಕೈಗೆ ಕಾಸು ಕಡಿಮೆ. ಟೊಮೆಟೊ ಒಂದು ವರ್ಷ ಸಾಲ ತೀರಿಸುತ್ತದೆ, ಇನ್ನೊಂದು ವರ್ಷ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಹಿಪ್ಪುನೇರಳೆ ವರ್ಷಕ್ಕೆ ಐದು ಬೆಳೆ ಗೂಡು ಕೊಡುತ್ತದೆ, ನೀರನ್ನೂ ವರ್ಷವಿಡೀ ಕೇಳುತ್ತದೆ. ಶ್ರೀನಿವಾಸಪುರದ ಕಡೆಯವರು ನೆಚ್ಚಿದ ಮಾವು ನೀರು ಬೇಡುವುದು ಕಡಿಮೆ, ಆದರೆ ಫಸಲಿಗೆ ವರ್ಷಗಟ್ಟಲೆ ಕಾಯಿಸುತ್ತದೆ.

ಇವುಗಳಲ್ಲಿ ಯಾವುದು ಸುಸ್ಥಿರ ಎಂದು ಕೇಳಿದರೆ ಹಣ, ನೀರು, ಮಣ್ಣು, ವಿಷ, ದುಡಿಮೆ ಎಲ್ಲವನ್ನೂ ಒಟ್ಟಿಗೆ ತೂಗಬೇಕಾಗುತ್ತದೆ. ಇದಕ್ಕಾಗಿಯೇ ಇರುವುದು ಬಹು-ಮಾನದಂಡ ನಿರ್ಧಾರ ವಿಧಾನಗಳು. ರೈತ ಉತ್ಪಾದಕ ಕಂಪನಿ, ಜಲಾನಯನ ಸಮಿತಿ, ಕೃಷಿ ವಿದ್ಯಾರ್ಥಿಗಳು ಯಾರೇ ಬಳಸಲಿ, ಒಂದು ವಿಷಯ ಗಟ್ಟಿಯಾಗಿ ತಿಳಿದಿರಬೇಕು: ಅಂಕಿ ಅದೇ, ತೂಕ (ಯಾವ ಮಾನದಂಡ ಎಷ್ಟು ಮುಖ್ಯ ಎಂಬ ಸಂಖ್ಯೆ) ಅದೇ ಇದ್ದರೂ ವಿಧಾನ ಬದಲಾದರೆ ಗೆಲ್ಲುವ ಬೆಳೆ ಬದಲಾಗಬಹುದು. ಹಾಗಾಗಿ ವಿಧಾನ ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಒಂದು ಕಡೆಯ ಲಾಭ ಇನ್ನೊಂದು ಕಡೆಯ ನಷ್ಟವನ್ನು ತುಂಬಿಕೊಡಬಹುದೇ, ಅಂದರೆ ದುಡ್ಡು ಹೆಚ್ಚು ಬಂತೆಂದು ಅಂತರ್ಜಲ ಬತ್ತಿದ್ದನ್ನು ಮನ್ನಿಸಬಹುದೇ?

ಮೊದಲು ಅಂಕಿ, ಆಮೇಲೆ ವಿಧಾನ

ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಊರಿನವನ್ನು ನೀವೇ ಅಳೆದು ಹಾಕಬೇಕು. ಎಲ್ಲವೂ ಒಂದು ಎಕರೆಗೆ, ಒಂದು ವರ್ಷಕ್ಕೆ.

| ಮಾನದಂಡ | ತೂಕ | ರಾಗಿ, ನಡುವೆ ಅವರೆ ಸಾಲು (ಅಕ್ಕಡಿ) | ಟೊಮೆಟೊ | ರೇಷ್ಮೆ | ಮಾವು |
|---|---|---|---|---|---|
| ನಿವ್ವಳ ಆದಾಯ, ಐದು ವರ್ಷದ ಸರಾಸರಿ (ಸಾವಿರ ರೂ.) | 0.30 | 15 | 90 | 70 | 30 |
| ಐದರಲ್ಲಿ ಅತಿ ಕೆಟ್ಟ ವರ್ಷದ ಆದಾಯ (ಸಾವಿರ ರೂ.) | 0.20 | 4 | −60 | 25 | 5 |
| ಬೋರ್‌ವೆಲ್ ನೀರು (ಲಕ್ಷ ಲೀಟರ್) | 0.25 | 0 | 20 | 30 | 2 |
| ಮಣ್ಣಿನ ಸಾವಯವ ಇಂಗಾಲ (ಶೇ) | 0.15 | 0.55 | 0.45 | 0.70 | 0.60 |
| ಔಷಧಿ ಸಿಂಪಡಣೆ (ಸಲ) | 0.10 | 0 | 20 | 1 | 4 |

ಈ ಪಟ್ಟಿ ತುಂಬುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ, ತಪ್ಪುಗಳೂ ಇಲ್ಲೇ ಹೆಚ್ಚು.

ನೀರನ್ನು ‘ಎರಡು ಇಂಚು’ ಎಂದು ಬರೆದುಕೊಂಡರೆ ಪ್ರಯೋಜನವಿಲ್ಲ. ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು, ಮೊಬೈಲಿನಲ್ಲಿ ಸೆಕೆಂಡು ಎಣಿಸಿ. 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ದಿನಕ್ಕೆ 4 ಗಂಟೆ, ವರ್ಷಕ್ಕೆ 100 ದಿನ ಓಡಿಸಿದರೆ 28.8 ಲಕ್ಷ ಲೀಟರ್. ಮಳೆಗಾಲದಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಅಳೆಯಿರಿ, ಏಕೆಂದರೆ ಬೇಸಿಗೆಯಲ್ಲಿ ಅದೇ ಬೋರು ಅರ್ಧಕ್ಕೆ ಇಳಿದಿರಬಹುದು.

ಆದಾಯದಲ್ಲಿ ಮೂರು ಬಾಬ್ತು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ಮನೆಯವರ ದುಡಿಮೆಗೆ ಊರಿನ ಕೂಲಿ ದರ ಹಾಕಿರುವುದಿಲ್ಲ. ಮನೆಯಲ್ಲಿ ಉಂಡ ರಾಗಿಗೂ ದನ ತಿಂದ ಹುಲ್ಲಿಗೂ ಬೆಲೆ ಕಟ್ಟಿರುವುದಿಲ್ಲ, ಅದರಿಂದ ರಾಗಿ ಇರುವುದಕ್ಕಿಂತ ಬಡವಾಗಿ ಕಾಣುತ್ತದೆ. ಮೂರನೆಯದು ಬೋರ್‌ವೆಲ್ಲಿನ ಖರ್ಚು. ಕೊರೆಸಿ, ಮೋಟಾರು ಇಳಿಸಲು 4 ಲಕ್ಷ ಆಗಿ, ಬೋರು ಆರು ವರ್ಷಕ್ಕೆ ಬತ್ತಿದರೆ ವರ್ಷಕ್ಕೆ ಹತ್ತಿರ ಹತ್ತಿರ 67,000 ರೂಪಾಯಿ ಅದಕ್ಕೇ ಹೋಯಿತು. ಅಷ್ಟನ್ನೂ ನೀರಾವರಿ ಬೆಳೆಗಳ ತಲೆಗೇ ಹಾಕಬೇಕು. ನೀರು ಬೀಳದ ಬೋರುಗಳ ಖರ್ಚೂ ಇದರಲ್ಲಿ ಸೇರಬೇಕು.

ಮಣ್ಣಿಗೆ ಎಕರೆಯಲ್ಲಿ ಎಂಟು ಹತ್ತು ಕಡೆ ‘ವಿ’ ಆಕಾರದಲ್ಲಿ 15 ಸೆಂಟಿಮೀಟರ್ ಆಳ ತೆಗೆದು, ಗುಂಡಿಯ ಓರೆಯಿಂದ ಕೆರೆದ ಮಣ್ಣನ್ನು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ. ಗೊಬ್ಬರ ಹಾಕಿದ ಹೊಸತರಲ್ಲಿ ತೆಗೆಯಬೇಡಿ. ಪ್ರತಿ ಸಲ ಅದೇ ತಿಂಗಳಲ್ಲಿ, ಬಿತ್ತನೆಗೆ ಮುಂಚೆ ತೆಗೆದರೆ ಮಾತ್ರ ಒಂದು ವರ್ಷದ್ದನ್ನು ಇನ್ನೊಂದರ ಜೊತೆ ಹೋಲಿಸಬಹುದು. ಸಾವಯವ ಇಂಗಾಲ ನಿಧಾನಕ್ಕೆ ಬದಲಾಗುವಂಥದ್ದು, ಒಂದೇ ವರ್ಷದಲ್ಲಿ ಏರಿದರೆ ಮಾದರಿ ತೆಗೆದದ್ದರಲ್ಲಿ ತಪ್ಪಾಗಿರುವ ಸಂಭವ ಹೆಚ್ಚು.

ಸಿಂಪಡಣೆ ರೇಷ್ಮೆಯಲ್ಲಿ ಕಡಿಮೆ ಇರುವುದಕ್ಕೆ ಹುಳುವೇ ಕಾರಣ. ಸೊಪ್ಪಿಗೆ ವಿಷ ತಾಗಿದ್ದರೆ ಮನೆಯ ಹುಳವೇ ಸಾಯುತ್ತದೆ. ಪಕ್ಕದ ಟೊಮೆಟೊ ತೋಟದವರು ಹೊಡೆದದ್ದು ಗಾಳಿಗೆ ಬಂದರೂ ಸಾಕು. ಈ ಎರಡು ಬೆಳೆ ಬೇಲಿ ಹಂಚಿಕೊಳ್ಳುವ ಕಡೆ ಈ ಅಂಶವನ್ನು ಬೇರೆಯಾಗಿಯೇ ಗುರುತಿಸಿಕೊಳ್ಳಿ.

ಮಾನದಂಡ ಐದರಿಂದ ಎಂಟರೊಳಗೆ ಇರಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ‘ಸಾಫಾ’ ಮಾರ್ಗಸೂಚಿಯಲ್ಲಿ 4 ಆಯಾಮ, 21 ವಿಷಯ, 58 ಉಪವಿಷಯಗಳಿವೆ. ಯಾವುದಾದರೂ ಬಿಟ್ಟುಹೋಯಿತೇ ಎಂದು ನೋಡಿಕೊಳ್ಳಲು ಅದು ಒಳ್ಳೆಯ ಪಟ್ಟಿ, ನಾಲ್ಕು ಎಕರೆಯ ಹೊಲಕ್ಕೆ ಪೂರ್ತಿ ತುಂಬಿಸಲು ಹೋಗಬೇಡಿ.

ತೂಕ ಎಲ್ಲಿಂದ ಬಂತು? ಜೋಡಿ ಹೋಲಿಕೆ

ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಅನಲಿಟಿಕ್ ಹೈರಾರ್ಕಿ ಪ್ರೋಸೆಸ್ ಅಥವಾ ಎಎಚ್‌ಪಿ ವಿಧಾನದಲ್ಲಿ ಎರಡೆರಡು ಮಾನದಂಡ ಎದುರಿಟ್ಟು, ಯಾವುದು ಎಷ್ಟು ಪಟ್ಟು ಮುಖ್ಯ ಎಂದು 1ರಿಂದ 9ರವರೆಗೆ ಹೇಳಿಸುತ್ತಾರೆ. ಐದು ಮಾನದಂಡಕ್ಕೆ 10 ಪ್ರಶ್ನೆ, ಎಂಟಕ್ಕೆ 28. ಅದಕ್ಕಿಂತ ಹೆಚ್ಚಾದರೆ ಜನ ದಣಿದು ಬಾಯಿಗೆ ಬಂದ ಸಂಖ್ಯೆ ಹೇಳುತ್ತಾರೆ.

ಇದರ ದೊಡ್ಡ ಗುಣವೆಂದರೆ ಮಾತಿನ ಹೊಂದಾಣಿಕೆಯನ್ನೂ ಅಳೆಯುತ್ತದೆ. ನೀರು ಆದಾಯಕ್ಕಿಂತ 3 ಪಟ್ಟು, ಆದಾಯ ಮಣ್ಣಿಗಿಂತ 3 ಪಟ್ಟು ಎಂದವರು, ನೀರು ಮತ್ತು ಮಣ್ಣು ಸಮ ಎಂದರೆ ಹೊಂದಾಣಿಕೆ ಅನುಪಾತ 0.48 ಬರುತ್ತದೆ. ಈ ಸಂಖ್ಯೆ ಹೆಚ್ಚಿದಷ್ಟೂ ಹೊಂದಾಣಿಕೆ ಕಡಿಮೆ, 0.10 ಮೀರಬಾರದು. ಕೊನೆಯ ಉತ್ತರವನ್ನು ‘ನೀರು 5 ಪಟ್ಟು’ ಎಂದು ತಿದ್ದಿದರೆ 0.03ಕ್ಕೆ ಇಳಿದು, ನೀರಿಗೆ 0.64, ಆದಾಯಕ್ಕೆ 0.26, ಮಣ್ಣಿಗೆ 0.10 ತೂಕ ಸಿಗುತ್ತದೆ. ತಿದ್ದುವುದು ಹೇಳಿದವರೇ ಆಗಿರಬೇಕು. ಲೆಕ್ಕ ಮಾಡುವವರು ತಾವೇ ಸಂಖ್ಯೆ ಬದಲಿಸಿದರೆ ಆ ತೂಕ ಯಾರದ್ದೂ ಅಲ್ಲ.

ಗುಂಪಿನಲ್ಲಿ ಮಾಡಿದರೆ ಉತ್ತರಗಳನ್ನು ಗುಣೋತ್ತರ ಸರಾಸರಿಯಿಂದ (ಎಲ್ಲವನ್ನೂ ಗುಣಿಸಿ, ಎಷ್ಟು ಜನವೋ ಅಷ್ಟನೇ ಮೂಲ ತೆಗೆದು) ಕೂಡಿಸಬೇಕು, ಸಾಧಾರಣ ಸರಾಸರಿ ತಪ್ಪು ಕೊಡುತ್ತದೆ. ಹೆಂಗಸರನ್ನು ಬೇರೆ ಕೂರಿಸಿ ಕೇಳಿ, ಅವರ ತೂಕವನ್ನು ಗಂಡಸರದ್ದರ ಜೊತೆ ಬೆರೆಸದೆ ಎರಡು ಫಲಿತಾಂಶ ತೆಗೆಯಿರಿ. ರೇಷ್ಮೆಯಲ್ಲಿ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಿನ ಒಂದು ವಾರದಲ್ಲಿ ಹುಳ ತನ್ನ ಜೀವಮಾನದ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲು ತಿನ್ನುತ್ತದೆ. ಆ ವಾರ ರಾತ್ರಿಯೂ ಸೊಪ್ಪು ಹಾಕಬೇಕು, ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳವನ್ನು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡಬೇಕು. ಈ ದುಡಿಮೆಯ ಬಹುಪಾಲು ಯಾರದ್ದೆಂದು ರೇಷ್ಮೆ ಮಾಡುವ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮೇಲಿನ ಪಟ್ಟಿಯಲ್ಲಿ ಆ ಸಾಲೇ ಇಲ್ಲ. ಹೆಂಗಸರ ಗುಂಪು ಅದನ್ನು ಸೇರಿಸಿ ಎಂದರೆ ಸೇರಿಸಲೇಬೇಕು.

ತೂಕ ಪಡೆಯಲು ಎಎಚ್‌ಪಿ ಚೆನ್ನಾಗಿದೆ. ಬೆಳೆಗಳಿಗೆ ಅಂಕ ಕೊಡಲೂ ಅದನ್ನೇ ಬಳಸುವವರಿದ್ದಾರೆ. ನೀರನ್ನು ಲೀಟರಿನಲ್ಲಿ ಅಳೆದ ಮೇಲೆ ‘ರಾಗಿ ಟೊಮೆಟೊಗಿಂತ ಎಷ್ಟು ಪಟ್ಟು ವಾಸಿ’ ಎಂದು ಊಹೆ ಕೇಳುವುದು ಅಳತೆಯನ್ನು ಕೆಡಿಸಿದಂತೆ.

ತೂಕದ ಮೊತ್ತ: ಸುಲಭ, ಆದರೆ ಎಲ್ಲವನ್ನೂ ಮುಚ್ಚುತ್ತದೆ

ಪ್ರತಿ ಸಾಲಿನಲ್ಲಿ ಅತಿ ಒಳ್ಳೆಯದಕ್ಕೆ 1, ಅತಿ ಕೆಟ್ಟದ್ದಕ್ಕೆ 0, ನಡುವಿನವಕ್ಕೆ ಅನುಪಾತದಲ್ಲಿ ಅಂಕ ಕೊಟ್ಟು, ತೂಕದಿಂದ ಗುಣಿಸಿ ಕೂಡಿಸುವುದು. ನೀರು, ಸಿಂಪಡಣೆಗಳಲ್ಲಿ ಕಡಿಮೆಯೇ ಒಳ್ಳೆಯದು ಎಂಬುದನ್ನು ತಿರುಗಿಸಲು ಮರೆಯಬಾರದು. ನಮ್ಮ ಪಟ್ಟಿಗೆ ಸಿಗುವ ಮೊತ್ತ: ರೇಷ್ಮೆ 0.665, ಮಾವು 0.616, ರಾಗಿ 0.561, ಟೊಮೆಟೊ 0.383.

ನೀರಿನಲ್ಲಿ ಸೊನ್ನೆ ಅಂಕ ಪಡೆದ ಬೆಳೆ ಮೊದಲ ಸ್ಥಾನದಲ್ಲಿ ಕೂತಿದೆ. ಲೆಕ್ಕದಲ್ಲಿ ತಪ್ಪೇನೂ ಆಗಿಲ್ಲ. ಆದಾಯ ಮತ್ತು ಮಣ್ಣಿನ ಅಂಕ ಸೇರಿ ನೀರಿನ ನಷ್ಟವನ್ನು ಮುಚ್ಚಿಹಾಕಿವೆ, ಈ ವಿಧಾನದ ಸ್ವಭಾವವೇ ಅದು. ಆ ಮೊದಲ ಸ್ಥಾನವೂ ಗಟ್ಟಿಯಲ್ಲ. ನೀರಿನ ತೂಕವನ್ನು 0.25ರಿಂದ 0.29ಕ್ಕೆ ಏರಿಸಿ ಉಳಿದವನ್ನು ಅದೇ ಅನುಪಾತದಲ್ಲಿ ಇಳಿಸಿದರೆ ಮಾವು ಮುಂದೆ ಬರುತ್ತದೆ. ಸಭೆಯಲ್ಲಿ ಒಬ್ಬರು ಎದ್ದು ಹೋದರೆ ತೂಕ ಅಷ್ಟು ಬದಲಾಗುತ್ತದೆ.

ಇನ್ನೊಂದು ಪರೀಕ್ಷೆ ಮಾಡಿ ನೋಡಿ. ಹೇಗೂ ಕೊನೆಯಲ್ಲಿದೆಯಲ್ಲ ಎಂದು ಟೊಮೆಟೊವನ್ನು ಪಟ್ಟಿಯಿಂದ ತೆಗೆದುಬಿಡಿ. ಮಾವು 0.616ರಿಂದ 0.375ಕ್ಕೆ ಬೀಳುತ್ತದೆ, ರೇಷ್ಮೆ 0.725ಕ್ಕೆ ಏರುತ್ತದೆ! ಮಾವಿನಲ್ಲಿ ಏನೂ ಬದಲಾಗಿಲ್ಲ. ಅಳತೆಗೋಲಿನ ಕೆಳತುದಿಯಾಗಿ ಟೊಮೆಟೊ ನಿಂತಿತ್ತು, ಅದು ಹೋದ ಮೇಲೆ ಗೋಲೇ ಬದಲಾಯಿತು. ಇದಕ್ಕೆ ಪರಿಹಾರ, ತುದಿಗಳನ್ನು ಪಟ್ಟಿಯೊಳಗಿಂದ ತೆಗೆದುಕೊಳ್ಳದೆ ಹೊರಗಿನ ಮಟ್ಟಕ್ಕೆ ಕಟ್ಟಿಹಾಕುವುದು. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಹೆಚ್ಚು ಎನ್ನುತ್ತಾರೆ, ಆ ಗೆರೆಗಳನ್ನೇ ಬಳಸಿ. ಆದಾಯಕ್ಕೆ ಒಂದು ಸಂಸಾರದ ವರ್ಷದ ಖರ್ಚನ್ನು ಮೇಲ್ತುದಿಯಾಗಿ ಹಿಡಿಯಬಹುದು.

ಟಾಪ್ಸಿಸ್: ಅದೇ ಅಂಕಿ, ಬೇರೆ ಗೆಲುವು

ಹ್ವಾಂಗ್ ಮತ್ತು ಯೂನ್ 1981ರಲ್ಲಿ ಮುಂದಿಟ್ಟ ವಿಧಾನ. ಎಲ್ಲ ಸಾಲಿನ ಒಳ್ಳೆಯದನ್ನು ಸೇರಿಸಿ ಒಂದು ಕಲ್ಪಿತ ಆದರ್ಶ ಬೆಳೆ, ಎಲ್ಲ ಕೆಟ್ಟದ್ದನ್ನು ಸೇರಿಸಿ ಇನ್ನೊಂದು ಕಲ್ಪಿತ ಬೆಳೆ ಮಾಡಿ, ಪ್ರತಿ ಬೆಳೆ ಮೊದಲನೆಯದಕ್ಕೆ ಎಷ್ಟು ಹತ್ತಿರ, ಎರಡನೆಯದರಿಂದ ಎಷ್ಟು ದೂರ ಎಂದು ಅಳೆಯುತ್ತದೆ. ಎಕ್ಸೆಲ್ ಹಾಳೆಯಲ್ಲಿ ಅರ್ಧ ಗಂಟೆಯ ಕೆಲಸ. ಫಲಿತಾಂಶ: ಮಾವು 0.638, ರಾಗಿ 0.601, ರೇಷ್ಮೆ 0.593, ಟೊಮೆಟೊ 0.392.

ರೇಷ್ಮೆ ಒಂದರಿಂದ ಮೂರಕ್ಕೆ ಇಳಿಯಿತು. ದೂರವನ್ನು ವರ್ಗ ಮಾಡಿ ಕೂಡಿಸುವುದರಿಂದ ಒಂದೇ ಕಡೆಯ ದೊಡ್ಡ ಸೋಲು ಇಲ್ಲಿ ಹೆಚ್ಚು ನೋಯಿಸುತ್ತದೆ. ಸುಸ್ಥಿರತೆಯ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಒಳಗೆ ಇನ್ನೆರಡು ಸಂಗತಿ ನಡೆದಿವೆ. ಪ್ರತಿ ಸಾಲನ್ನು ಅದರ ವರ್ಗಗಳ ಮೊತ್ತದ ವರ್ಗಮೂಲದಿಂದ ಭಾಗಿಸುವ ಕಾರಣ, 0.45ರಿಂದ 0.70ರವರೆಗೆ ಒತ್ತೊತ್ತಾಗಿರುವ ಮಣ್ಣಿನ ಅಂಕಿಗಳು ಮತ್ತಷ್ಟು ಒತ್ತಿಕೊಳ್ಳುತ್ತವೆ. ಮಣ್ಣಿಗೆ ನಾವು ಕೊಟ್ಟದ್ದು ನೀರಿನ ತೂಕದ ನೂರಕ್ಕೆ 60 ಪಾಲು. ಬೆಳೆಗಳ ನಡುವಿನ ಅಂತರದಲ್ಲಿ ಉಳಿದದ್ದು ಸುಮಾರು 16 ಪಾಲು ಮಾತ್ರ. ಟೊಮೆಟೊದ −60 ಎಂಬ ಋಣ ಸಂಖ್ಯೆ ‘ಕೆಟ್ಟ ವರ್ಷ’ದ ಸಾಲನ್ನು ಆದಾಯಕ್ಕಿಂತ ಪ್ರಬಲ ಮಾಡಿದೆ, ಅದಕ್ಕೆ ಕೊಟ್ಟ ತೂಕ ಕಡಿಮೆಯಿದ್ದರೂ. ನೀವು ಕೊಟ್ಟ ತೂಕವನ್ನು ನಿಮಗೆ ಹೇಳದೆ ಬದಲಿಸುವ ವಿಧಾನ ಇದು. ಹತ್ತಾರು ಬೆಳೆ ಪದ್ಧತಿಗಳಲ್ಲಿ ನಾಲ್ಕೈದನ್ನು ಬೇಗ ಜರಡಿ ಹಿಡಿಯಲು ಬಳಸಿ, ಕೊನೆಯ ತೀರ್ಮಾನಕ್ಕೆ ಬೇಡ.

ಪ್ರೊಮೆಥೀ: ಅಳತೆ ಅಂದಾಜಿನದ್ದಾದಾಗ

ಬೆಲ್ಜಿಯಮ್ಮಿನ ಜಾನ್ ಪಿಯರ್ ಬ್ರಾನ್ಸ್ 1982ರಲ್ಲಿ ತಂದ ಈ ವಿಧಾನ ಬೆಳೆಗಳನ್ನು ಎರಡೆರಡಾಗಿ ಎದುರಿಡುತ್ತದೆ. ಪ್ರತಿ ಮಾನದಂಡಕ್ಕೆ ಎರಡು ಗೆರೆ ಕೊಡಬೇಕು: ಎಷ್ಟರ ಒಳಗಿನ ವ್ಯತ್ಯಾಸ ಲೆಕ್ಕಕ್ಕಿಲ್ಲ, ಎಷ್ಟನ್ನು ಮೀರಿದರೆ ಪೂರ್ತಿ ಮೇಲುಗೈ. ಎರಡೂ ಆದಾಯದ ಸಾಲಿಗೆ 5 ಮತ್ತು 30 ಸಾವಿರ, ನೀರಿಗೆ 1 ಮತ್ತು 10 ಲಕ್ಷ ಲೀಟರ್, ಇಂಗಾಲಕ್ಕೆ 0.05 ಮತ್ತು 0.15, ಸಿಂಪಡಣೆಗೆ 1 ಮತ್ತು 5 ಹಿಡಿದರೆ ನಿವ್ವಳ ಮೇಲುಗೈ (ಗೆದ್ದದ್ದರಲ್ಲಿ ಸೋತದ್ದನ್ನು ಕಳೆದು ಉಳಿದದ್ದು) ಹೀಗಿದೆ: ರೇಷ್ಮೆ +0.214, ಮಾವು +0.041, ರಾಗಿ −0.007, ಟೊಮೆಟೊ −0.248.

ರೈತರು ನೆನಪಿನಿಂದ ಹೇಳಿದ ಆದಾಯದಲ್ಲಿ ನಾಲ್ಕೈದು ಸಾವಿರ ಆಚೀಚೆ ಇದ್ದೇ ಇರುತ್ತದೆ. ಅದನ್ನು ಒಪ್ಪಿಕೊಂಡು ಲೆಕ್ಕ ಮಾಡುವುದರಿಂದ ಇದು ಹೊಲದ ಅಂಕಿಗಳಿಗೆ ಹೊಂದುತ್ತದೆ. ಮಾವು, ರಾಗಿಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ ಎಂಬ ನಿಜವನ್ನೂ ತೋರಿಸುತ್ತದೆ. ಗೆರೆಗಳನ್ನು ಫಲಿತಾಂಶ ನೋಡುವ ಮುಂಚೆಯೇ ಬರೆದಿಡಬೇಕು, ಆಮೇಲೆ ಹಾಕಿದ ಗೆರೆ ಬೇಕಾದ ಬೆಳೆಯನ್ನು ಗೆಲ್ಲಿಸುತ್ತದೆ. ಆದರೆ ಇಲ್ಲಿಯೂ ಗೆದ್ದದ್ದು ನೀರು ಹೆಚ್ಚು ಕುಡಿಯುವ ಬೆಳೆಯೇ, ನೋಡಿ.

ನೀರಿಗೆ ತಡೆ ಹಾಕುವ ವಿಧಾನಗಳು

ಬರ್ನಾರ್ಡ್ ರುವಾ 1960ರ ದಶಕದಲ್ಲಿ ಆರಂಭಿಸಿದ ಎಲೆಕ್ಟ್ರ್ ಬಳಗದ ವಿಧಾನಗಳಲ್ಲಿ ತಡೆಗೆರೆಗೆ ಅವಕಾಶವಿದೆ. ಒಂದು ಬೆಳೆ ಬೇರೆಲ್ಲದರಲ್ಲಿ ಮುಂದಿದ್ದರೂ ನೀರಿನಲ್ಲಿ ಗೆರೆ ಮೀರಿ ಹಿಂದಿದ್ದರೆ ಅದನ್ನು ‘ಮೇಲು’ ಎನ್ನುವಂತಿಲ್ಲ. ಇದರ ಗಣಿತವನ್ನು ಸಭೆಯಲ್ಲಿ ವಿವರಿಸುವುದು ಕಷ್ಟ.

ಊರ ಸಭೆಗೆ ಹೊಂದುವುದು ಡೆಕ್ಸಿ. ಸ್ಲೊವೇನಿಯಾದಲ್ಲಿ ಮಾರ್ಕೊ ಬೊಹಾನೆಟ್ಸ್ ಬೆಳೆಸಿದ, ಉಚಿತವಾಗಿ ಸಿಗುವ ತಂತ್ರಾಂಶ. ಫ್ರಾನ್ಸಿನಲ್ಲಿ ಬೆಳೆ ಪದ್ಧತಿಗಳ ಸುಸ್ಥಿರತೆ ಅಳೆಯುವ ‘ಮಾಸ್ಕ್’ ಮಾದರಿಯನ್ನು ಇದರಲ್ಲೇ ಕಟ್ಟಿದ್ದಾರೆ. ಇಲ್ಲಿ ಅಂಕಗಳಿಲ್ಲ. ‘ಕಡಿಮೆ, ನಡು, ಹೆಚ್ಚು’ ಎಂಬ ಮಟ್ಟಗಳು, ಅವನ್ನು ಕೂಡಿಸುವ ನಿಯಮಗಳು. ‘ನೀರು ಕುಸಿಯುತ್ತಿದ್ದರೆ, ಉಳಿದದ್ದು ಏನೇ ಇರಲಿ, ಒಟ್ಟು ಮಟ್ಟ ಕಡಿಮೆ’ ಎಂದು ಕನ್ನಡದಲ್ಲೇ ಬರೆಯಬಹುದು, ಯಾರು ಬೇಕಾದರೂ ಪ್ರಶ್ನಿಸಬಹುದು. ಐದು ಮಾನದಂಡ, ಮೂರು ಮೂರು ಮಟ್ಟ ಎಂದರೆ 243 ನಿಯಮ ಆಗುತ್ತದೆ. ಹಾಗಾಗಿ ಆದಾಯದ ಎರಡನ್ನು ಒಂದು ಕೊಂಬೆಗೆ, ಮಣ್ಣು ಮತ್ತು ಸಿಂಪಡಣೆಯನ್ನು ಇನ್ನೊಂದಕ್ಕೆ ಸೇರಿಸಿದರೆ ಒಂದೊಂದು ಕೊಂಬೆಗೆ 9 ನಿಯಮ, ತುದಿಯಲ್ಲಿ ಆ ಎರಡರ ಜೊತೆ ನೀರು ಕೂಡಿ 27, ಒಟ್ಟು 45ರಲ್ಲಿ ಮುಗಿಯುತ್ತದೆ. ಕೊರತೆಯೆಂದರೆ ಒಂದೇ ಮಟ್ಟದೊಳಗಿನ ಎರಡು ಬೆಳೆಗಳ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಕೋಲಾರದಂಥ ಕಡೆ ಏನು ಮಾಡಬೇಕು

ನದಿ ನಾಲೆಗಳ ಆಸರೆಯಿಲ್ಲದ, ಬಹುಕಾಲದಿಂದ ಅಂತರ್ಜಲದ ಅತಿಬಳಕೆಯಲ್ಲಿರುವ ಜಿಲ್ಲೆಗಳಲ್ಲಿ ನೀರನ್ನು ತಕ್ಕಡಿಯಲ್ಲಿ ಹಾಕಬಾರದು. ಅದನ್ನು ಮಿತಿಯಾಗಿ ಮೊದಲೇ ಹಾಕಿ, ಉಳಿದದ್ದನ್ನು ತೂಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಿತಿಯ ಲೆಕ್ಕ ಕಷ್ಟವಲ್ಲ. ಒಂದು ಎಕರೆಗೆ 1 ಮಿಲಿಮೀಟರ್ ಮಳೆ ಎಂದರೆ 4,047 ಲೀಟರ್. 700 ಮಿಲಿಮೀಟರ್ ಬಿದ್ದರೆ 28.3 ಲಕ್ಷ ಲೀಟರ್. ಕಲ್ಲುಬಂಡೆಯ ನೆಲದಲ್ಲಿ ಅದರ ಹತ್ತನೇ ಒಂದು ಪಾಲು ಇಂಗುತ್ತದೆ ಎಂದು ಹಿಡಿದರೆ ಎಕರೆಗೆ 2.83 ಲಕ್ಷ, ನಾಲ್ಕು ಎಕರೆಗೆ 11.3 ಲಕ್ಷ. ಜೇಡಿ ಹೆಚ್ಚಿದ್ದರೆ ಪಾಲು ಇನ್ನೂ ಇಳಿಯುತ್ತದೆ. 2018ರಿಂದ ಬೆಂಗಳೂರಿನ ಕೆ.ಸಿ. (ಕೋರಮಂಗಲ, ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿತ ಕೊಳಚೆ ನೀರು ತುಂಬುತ್ತಿರುವ ಕೆರೆಗಳ ಆಸುಪಾಸಿನಲ್ಲಿ ಇಂಗುವುದು ಹೆಚ್ಚಿರುತ್ತದೆ, ಅಲ್ಲಿಗೆ ಬೇರೆ ಲೆಕ್ಕ.

ಒಂದು ಎಕರೆ ಹಿಪ್ಪುನೇರಳೆಯ 30 ಲಕ್ಷ ಲೀಟರಿಗೆ ಹತ್ತು ಎಕರೆಗೂ ಹೆಚ್ಚು ನೆಲದಲ್ಲಿ ಇಂಗಿದ ನೀರು ಬೇಕು. ನಾಲ್ಕು ಎಕರೆಯವರ ಪಾಲಿಗೆ ಬರುವುದು 15 ಗುಂಟೆ ಹಿಪ್ಪುನೇರಳೆ, ಇಲ್ಲವೇ 22 ಗುಂಟೆ ಟೊಮೆಟೊ. ಇಲ್ಲಿಗೆ ‘ಯಾವ ಬೆಳೆ’ ಎಂಬ ಪ್ರಶ್ನೆ ‘ಯಾವುದು ಎಷ್ಟು ಗುಂಟೆ’ ಎಂದಾಯಿತು. ಈಗ ಹೋಲಿಸಬೇಕಾದದ್ದು ಮಿಶ್ರಣಗಳನ್ನು.

22 ಗುಂಟೆ ಟೊಮೆಟೊ, ಉಳಿದದ್ದು ರಾಗಿ: ನೀರು 11 ಲಕ್ಷ, ಸರಾಸರಿ ಆದಾಯ 1,01,000 ರೂಪಾಯಿ, ಎಲ್ಲಕ್ಕೂ ಒಟ್ಟಿಗೆ ಕೆಟ್ಟ ವರ್ಷ ಬಂದರೆ 19,000 ನಷ್ಟ.

12 ಗುಂಟೆ ಹಿಪ್ಪುನೇರಳೆ, ಒಂದು ಎಕರೆ ಮಾವು, 2 ಎಕರೆ 28 ಗುಂಟೆ ರಾಗಿ: ನೀರು 11 ಲಕ್ಷ, ಸರಾಸರಿ 91,500, ಕೆಟ್ಟ ವರ್ಷದಲ್ಲೂ 23,000 ಕೈಗೆ.

ನಾಲ್ಕೂ ಎಕರೆ ಮಾವು: ನೀರು 8 ಲಕ್ಷ, ಸರಾಸರಿ 1,20,000, ಕೆಟ್ಟ ವರ್ಷ 20,000.

ಪಟ್ಟಿಯನ್ನಷ್ಟೇ ನಂಬಿದರೆ ಪೂರ್ತಿ ಮಾವು ಹಾಕಬೇಕು. ಆದರೆ ಎಕರೆಗೆ 30,000 ಎಂಬುದು ಫಲಕ್ಕೆ ಬಂದ ತೋಟದ ಸರಾಸರಿ. ಮೊದಲ ನಾಲ್ಕೈದು ವರ್ಷ ಏನೂ ಇಲ್ಲ, ಆಮೇಲೂ ಒಂದು ವರ್ಷ ಹಿಡಿದರೆ ಮರುವರ್ಷ ಕೈಕೊಡುವುದು ಮಾವಿನ ಗುಣ. ದನಕ್ಕೆ ಹುಲ್ಲಿಲ್ಲ, ದನ ಹೋದರೆ ಗೊಬ್ಬರವೂ ಇಲ್ಲ. ‘ಕಾಯುವ ವರ್ಷಗಳು’, ‘ಮೇವು’ ಎಂಬ ಎರಡು ಸಾಲು ಸೇರಿಸಿ, ಈ ಮೂರು ಮಿಶ್ರಣಗಳನ್ನು ಪ್ರೊಮೆಥೀಯಲ್ಲಿ ಮತ್ತೆ ಹಾಕಿ. ಎಳೆ ಮಾವಿನ ಸಾಲುಗಳ ನಡುವೆ ರಾಗಿ, ಹುರುಳಿ ಬಿತ್ತುವ ನಾಲ್ಕನೇ ಮಿಶ್ರಣವನ್ನೂ ಸೇರಿಸಿ. ನೆರಳು ಕೂಡಿಕೊಳ್ಳುವವರೆಗೆ ಹುಲ್ಲು, ಮುದ್ದೆ ಎರಡೂ ಅದರಿಂದ ಸಿಗುತ್ತವೆ.

ಪ್ರತಿ ತೂಕವನ್ನೂ ಕಾಲು ಪಾಲು ಏರಿಸಿ, ಕಾಲು ಪಾಲು ಇಳಿಸಿ ನೋಡಿ. ಮೊದಲ ಸ್ಥಾನ ಎಲ್ಲದರಲ್ಲೂ ಕದಲದಿದ್ದರೆ ಸಭೆಗೆ ಒಂದೇ ಹೆಸರು ಒಯ್ಯಿರಿ, ಕದಲಿದರೆ ಎರಡನ್ನೂ ಒಯ್ಯಿರಿ. ಶೇ 10 ಎಂದು ಹಿಡಿದ ಇಂಗುವ ಪಾಲು ಸರಿಯೋ ತಪ್ಪೋ ಎಂಬುದಕ್ಕೆ ಬೋರಿನ ನೀರಿನ ಮಟ್ಟವೇ ಸಾಕ್ಷಿ. ಮೇ ಮತ್ತು ನವೆಂಬರ್‌ನಲ್ಲಿ, ಮೋಟಾರು ಒಂದು ರಾತ್ರಿ ನಿಂತ ಮೇಲೆ ಬೆಳಿಗ್ಗೆ ಅಳೆದು ಬರೆದಿಡಿ. ಮಳೆ ಸಾಧಾರಣವಾಗಿದ್ದ ಮೂರು ವರ್ಷ ಸತತವಾಗಿ ಮೇ ತಿಂಗಳ ಮಟ್ಟ ಇಳಿಯುತ್ತಾ ಹೋದರೆ, ಪಾಲನ್ನು 7 ಅಥವಾ 8ಕ್ಕೆ ಇಳಿಸಿ ಗುಂಟೆಯ ಲೆಕ್ಕವನ್ನು ಹೊಸದಾಗಿ ಹಾಕಬೇಕು.